ಮೂರಕ್ಕೆ ಮುಂಚೆಯೇ ಕತ್ತಲು, ಮನೆಯಲ್ಲಿ ತೊಮ್ತೆಯ ಕಾಟ: ಮಕ್ಕಳಿರುವವರು ಡಿಸೆಂಬರ್ ಹೇಗೆ ದಾಟಿಸ್ತೀರಿ?

ಉಪ್ಸಾಲಾ ಅಮ್ಮ · 2 ಡಿಸೆಂಬರ್ 2024, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ತಾ ಇದ್ದೆ, ಇವತ್ತು ಬರೆಯದೆ ಇರೋಕೆ ಆಗ್ತಿಲ್ಲ.

ನಾವು ತೀರ್ಥಹಳ್ಳಿ ಕಡೆಯವರು. ಸ್ವೀಡನ್ನಿಗೆ ಬಂದು ಒಂದೂವರೆ ವರ್ಷ. ಮಗನಿಗೆ 6, ಮಗಳಿಗೆ ಈಗಷ್ಟೇ 2 ತುಂಬಿತು. ಹೋದ ವರ್ಷ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ವಿ, ಹಾಗಾಗಿ ಇಲ್ಲಿನ ಡಿಸೆಂಬರ್ ನಮಗೆ ಇದೇ ಮೊದಲು. ಮಲೆನಾಡಿನ ಆಷಾಢ ನೋಡಿದವಳು ನಾನು, ವಾರಗಟ್ಟಲೆ ಸೂರ್ಯ ಕಾಣದಿದ್ದರೂ ನಡೆಯತ್ತೆ ಅಂತ ಜಂಬ ಇತ್ತು. ಆದರೆ ಆ ಕತ್ತಲೆಗೂ ಇದಕ್ಕೂ ಹೋಲಿಕೆಯೇ ಇಲ್ಲ. ಅಲ್ಲಿ ಮೋಡ ಇದ್ದರೂ ಹಗಲು ಹಗಲೇ. ಇಲ್ಲಿ ಮಕ್ಕಳನ್ನ ಬಿಡೋಕೆ ಹೋಗುವಾಗ ರಾತ್ರಿ, ಕರಕೊಂಡು ಬರುವಾಗಲೂ ರಾತ್ರಿ. ಮಗಳು ನಾಲ್ಕು ಗಂಟೆಗೆ ಮನೆಗೆ ಬಂದವಳೇ ಹಾಸಿಗೆ ತೋರಿಸಿ "ಚಾಚಿ" ಅಂತಾಳೆ. ಸುಮ್ಮನೆ ಮಲಗಿಸಿದರೆ ರಾತ್ರಿ ಒಂದಕ್ಕೆ ಎದ್ದು ಕೂರ್ತಾಳೆ.

ಅದು ಹೋಗಲಿ. ನಿನ್ನೆ ಮೊದಲ ಅಡ್ವೆಂಟ್ ಭಾನುವಾರ, ಅಂದ್ರೆ ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೇದು. ಒಂದೇ ಸಂಜೆಯಲ್ಲಿ ಎದುರಿನ ಕಟ್ಟಡದ ಎಲ್ಲಾ ಕಿಟಕಿಗಳಲ್ಲೂ ಏಳು ದೀಪದ ಕಮಾನು, ಕಾಗದದ ನಕ್ಷತ್ರ. ನಮ್ಮದೊಂದೇ ಕಿಟಕಿ ಕಪ್ಪಗೆ. ಮಗ ಕಿಟಕಿ ಹತ್ತಿರ ನಿಂತು "ಅಮ್ಮಾ, ತೊಮ್ತೆಗೆ ನಮ್ಮ ಮನೆ ಗೊತ್ತಾಗಲ್ಲ ಅಲ್ವಾ?" ಅಂದ. ತೊಮ್ತೆ ಅಂದ್ರೆ ಗೊತ್ತಲ್ಲ, ಕೆಂಪು ಟೋಪಿಯ ಇಲ್ಲಿನ ಕ್ರಿಸ್‌ಮಸ್ ತಾತ. ಇವತ್ತು ಶಾಲೆಯಿಂದ ಚೀಟಿ ಬಂದಿದೆ: 13ಕ್ಕೆ ಲೂಸಿಯಾ ಅನ್ನೋ ದೀಪದ ಹಬ್ಬ, ಯಾವ ವೇಷ ಅಂತ ಮಗು ತೀರ್ಮಾನ ಮಾಡಿ ಬಟ್ಟೆ ತರಬೇಕು. ಅತ್ತೆಗೆ ಫೋನಿನಲ್ಲಿ ಹೇಳಿದ್ರೆ, "ದುಡಿಯಕ್ಕೆ ಹೋದೋರು ನೀವು, ಅವರ ಹಬ್ಬ ಎಲ್ಲ ಯಾಕೆ ತಲೆ ಮೇಲೆ ಹಾಕ್ಕೊಳ್ತೀರಿ" ಅಂದ್ರು. ಯಜಮಾನರು ಆಫೀಸ್ ಕೆಲಸದ ಮೇಲೆ ಊರಲ್ಲಿಲ್ಲ.

ನೀವೆಲ್ಲ ಎಷ್ಟು ಮಾಡ್ತೀರಿ, ಎಷ್ಟು ಬಿಡ್ತೀರಿ?

ಹನ್ನೆರಡನೇ ಚಳಿಗಾಲ · 2 ಡಿಸೆಂಬರ್, ರಾತ್ರಿ 10:25

ಮೊದಲು ಆರೋಗ್ಯದ ವಿಷಯ ಮುಗಿಸೋಣ, ಹಬ್ಬ ಆಮೇಲೆ.

ಮಗಳಿಗೆ ವಿಟಮಿನ್ ಡಿ ಹನಿ ನಿಲ್ಲಿಸಿಬಿಟ್ರಾ? ದಿನಕ್ಕೆ 5 ಹನಿ ಎರಡು ವರ್ಷದ ತನಕ ಎಲ್ಲಾ ಮಕ್ಕಳಿಗೂ ಕೊಡ್ತಾರೆ. ಆದರೆ ನಮ್ಮಂಥ ಮೈಬಣ್ಣದ ಮಕ್ಕಳಿಗೆ ಆಮೇಲೂ ಮುಂದುವರಿಸಿ ಅಂತಾರೆ. ಬಿವಿಸಿ, ಅಂದ್ರೆ ಮಕ್ಕಳ ಆರೋಗ್ಯ ಕೇಂದ್ರದ ನರ್ಸಿಗೆ ಕೇಳಿ.

ನಾಲ್ಕು ಗಂಟೆ ನಿದ್ದೆಗೆ ನಮ್ಮ ಮನೆ ಉಪಾಯ: ಕರಕೊಂಡು ಬಂದವರು ನೇರ ಮನೆಗೆ ಹೋಗಬೇಡಿ. ಆಟದ ಮೈದಾನಕ್ಕೆ ಹೋಗಿ, ಕತ್ತಲಾದರೂ ಸರಿ. ಹಣೆಗೆ ಟಾರ್ಚು, ಮೈಮೇಲೆ ರಿಫ್ಲೆಕ್ಸ್ ಜಾಕೆಟ್ಟು. ಅರ್ಧ ಗಂಟೆ ಒದ್ದೆ ಮರಳಲ್ಲಿ ಹೊರಳಾಡಲಿ. ಬಟ್ಟೆ ಕೊಳೆ ಆಗತ್ತೆ ಅನ್ನೋ ಚಿಂತೆ ಬಿಡಿ, ಮೈಪೂರ್ತಿ ಮುಚ್ಚೋ ಓವರಾಲ್ ಇರೋದೇ ಅದಕ್ಕೆ. ನಮ್ಮ ಮೊದಲ ಎರಡು ಚಳಿಗಾಲ "ಶೀತ ಆಗತ್ತೆ" ಅಂತ ಮಗುವನ್ನ ಒಳಗೇ ಇಟ್ಟು, ಮಗುವಿಗೂ ಹುಚ್ಚು, ನಮಗೂ ಹುಚ್ಚು.

ಕಿಟಕಿ ವಿಷಯ. ಅದಕ್ಕೆ ಅತ್ತೆ ಅಪ್ಪಣೆ ಬೇಡ. ದೀಪಾವಳಿಗೆ ಹಚ್ಚಿದ ಆಕಾಶಬುಟ್ಟಿ ಇಲ್ವಾ? ಅದನ್ನೇ ತೂಗುಹಾಕಿ. ನಿನ್ನೆ ಮಧ್ಯಾಹ್ನದವರೆಗೂ ಕಾರ್ತಿಕ ಅಮಾವಾಸ್ಯೆ ಇತ್ತು, ಪಂಚಾಂಗ ನೋಡಿ. ಈ ಸಲ ನಮ್ಮ ಕಾರ್ತಿಕ ಮುಗಿದ ದಿನವೇ ಇವರ ಅಡ್ವೆಂಟ್ ಶುರು. ನಾವು ಬುಟ್ಟಿ ಇಳಿಸುವುದೇ ಇಲ್ಲ. ಪಕ್ಕದ ಮನೆ ಅಜ್ಜಿ ಪ್ರತೀ ವರ್ಷ "ನೀವು ಬಹಳ ಬೇಗ ನಕ್ಷತ್ರ ಹಚ್ತೀರಿ" ಅಂತ ಮೆಚ್ಚುಗೆಯೋ ಆಕ್ಷೇಪವೋ ಗೊತ್ತಾಗದ ಹಾಗೆ ಹೇಳ್ತಾರೆ.

ಲುಂಡ್ ಹೊಸಬ · 3 ಡಿಸೆಂಬರ್, ಬೆಳಿಗ್ಗೆ 7:50

ಕ್ಷಮಿಸಿ, ನನಗೆ ಅತ್ತೆಯವರ ಮಾತೇ ಸರಿ ಅನ್ನಿಸ್ತು. ಇಲ್ಲಿನ ಮಕ್ಕಳು ಸಂಕ್ರಾಂತಿಗೆ ಎಳ್ಳು ಬೀರ್ತಾರಾ? ಗಣೇಶನ ಹಬ್ಬಕ್ಕೆ ರಜೆ ಕೊಡ್ತಾರಾ? ನಮ್ಮ ಮಗಳಿಗೆ 5 ವರ್ಷ. ಲೂಸಿಯಾ ಹಾಡು ಬಾಯಿಪಾಠ, "ಗಜಮುಖನೆ" ಅಂದ್ರೆ ಮುಖ ನೋಡ್ತಾಳೆ. ಒಂದೊಂದೇ ಬಿಡ್ತಾ ಹೋದರೆ ಹತ್ತು ವರ್ಷಕ್ಕೆ ನಮ್ಮ ಕೈಯಲ್ಲಿ ಏನು ಉಳಿಯತ್ತೆ? ನಾವು ಈ ವರ್ಷ 13ಕ್ಕೆ ರಜೆ ಹಾಕಿಸಿ ಮನೆಯಲ್ಲೇ ಇಟ್ಕೊಳ್ಳೋದು ಅಂತಿದ್ದೀವಿ.

ಆರ್ಹುಸ್ ಕಾಕಾ · 3 ಡಿಸೆಂಬರ್, ಮಧ್ಯಾಹ್ನ 12:15

ಹೊಸಬ್ರ, ಸಿಟ್ಟಾಗಬ್ಯಾಡ್ರಿ, ಒಂದು ಮಾತು. ಎಲ್ಲಾ ಹುಡುಗ್ರೂ ಹಾಡಾಕ ನಿಂತಾಗ ನಿಮ್ಮ ಹುಡುಗಿ ಒಬ್ಬಾಕಿನ ಮನ್ಯಾಗ ಕುಂತ್ರ ಆಕಿ ಗಜಮುಖನ್ನ ನೆನಿಸ್ತಾಳ ಅಂತ ತಿಳ್ಕೊಂಡೀರೇನು? ನೆನಿಸೂದು ಬರೇ ಹಾಡು ತಪ್ಪಿದ್ದು.

ನಂದು ಡೆನ್ಮಾರ್ಕಿನ ಕತಿ. ನಾವು ಹುಬ್ಬಳ್ಳಿಯವರು. ಇಲ್ಲಿ ಶಿಶುವಿಹಾರದಾಗ ಒಂದು ನಿಸ್ಸೆ ಗೊಂಬಿ ಇರತೈತ್ರಿ, ಗೇಣುದ್ದ, ಕೆಂಪು ಟೊಪಗಿ. ಡಿಸೆಂಬರ್ ತುಂಬ ದಿನಾ ಒಬ್ಬ ಹುಡುಗನ ಮನಿಗೆ ವಸ್ತಿ ಹೋಗತೈತಿ, ಕೂಡ ಒಂದು ವಹಿ. ರಾತ್ರಿ ನಿಸ್ಸೆ ಏನು ಕಿತಾಪತಿ ಮಾಡ್ತು ಅಂತ ಅವ್ವ-ಅಪ್ಪ ಬರದು, ಫೋಟೋ ಹಚ್ಚಿ ಕಳಸಬೇಕು. ನಮ್ಮ ಪಾಳಿ ಬಂದಾಗ ಹಿಂದಿನ ಪುಟ ತಗದು ನೋಡಿದ್ರ ಎದಿ ಧಸಕ್ ಅಂತು. ಒಬ್ರ ಮನ್ಯಾಗ ನಿಸ್ಸೆ ಹಿಟ್ಟಿನ ಮ್ಯಾಲ ಹೆಜ್ಜಿ ಮೂಡಿಸಿತ್ತು. ಇನ್ನೊಬ್ರ ಮನ್ಯಾಗ ಹಾಲು ಹಸಿರು ಮಾಡಿತ್ತು. ನನಗೋ ಡೇನಿಶ್ ಅಷ್ಟಕ್ಕಷ್ಟ. ನನ್ನ ಹೆಂಡತಿ ರಾತ್ರಿ ಹತ್ತಕ್ಕ ಜ್ವಾಳದ ಹಿಟ್ಟು ಕಲಸಿ, ಸಣ್ಣದೊಂದು ರೊಟ್ಟಿ ಬಡದು, ನಿಸ್ಸೆನ ರೊಟ್ಟಿ ಬುಟ್ಟಿ ಒಳಗ ಕುಂದರಿಸಿ, ಬಾಯಿ ಸುತ್ತ ಶೇಂಗಾ ಚಟ್ನಿ ಸವರಿದ್ಲು. ಮುಂಜಾನೆ ಮಗಳು ಅದನ್ನ ನೋಡಿ ನಕ್ಕಿದ್ದು ಇನ್ನೂ ನನ್ನ ಕಿವ್ಯಾಗ ಐತಿ. ವಹಿದಾಗ ಒಂದ ಸಾಲು ಬರದೆ: ನಿಸ್ಸೆಗೆ ಖಾರ ಹತ್ತಿ ರಾತ್ರಿಯೆಲ್ಲಾ ನೀರು ಕುಡೀತು.

ಮುಂದಿನ ವಾರ ಅಲ್ಲಿಯ ಟೀಚರ್ ನಮ್ಮನ್ನ ಕರದು ಎಲ್ಲಾ ಹುಡುಗ್ರಿಗೂ ರೊಟ್ಟಿ ಬಡದು ತೋರಸ್ರಿ ಅಂದ್ರು. (ಚಟ್ನಿಯೊಳಗ ಶೇಂಗಾ ಐತಿ ಅಂತ ಗೊತ್ತಾಗಿ ಒಂದು ಸಣ್ಣ ಗದ್ದಲಾನೂ ಆತು. ಅಲರ್ಜಿ. ಗೊಂಬಿ ತೊಳಿಸಿಕೊಂಡ್ರು. ಅದು ನಮ್ಮ ತಪ್ಪ, ನೀವು ಹಂಗ ಮಾಡಬ್ಯಾಡ್ರಿ.)

ತ್ರೋಮ್ಸೋ · 3 ಡಿಸೆಂಬರ್, ಮಧ್ಯಾಹ್ನ 1:05

ಮೂರು ಗಂಟೆಗೆ ಕತ್ತಲು ಅಂತ ಬೇಜಾರು ಮಾಡ್ಕೊಳ್ಳೋರಿಗೆ: ಇಲ್ಲಿ ಉತ್ತರ ನಾರ್ವೆಯಲ್ಲಿ ನವೆಂಬರ್ ಕೊನೆಗೆ ಹೋದ ಸೂರ್ಯ ಮತ್ತೆ ಮುಖ ತೋರಿಸೋದು ಜನವರಿ ಮಧ್ಯದಲ್ಲಿ. ಮಗುವಿಗೆ ಸೂರ್ಯ ನಮಸ್ಕಾರ ಕಲಿಸ್ತಿದ್ದೀನಿ, ಯಾವ ದಿಕ್ಕಿಗೆ ಅಂತ ಕೇಳಬೇಡಿ.

ಸ್ಟಾವಂಗರ್ ಬಾಯಮ್ಮ · 3 ಡಿಸೆಂಬರ್, ಸಂಜೆ 6:30

ಇಲ್ಲಿ ಎಲ್ಲರೂ "ಅವರ ಹಬ್ಬ, ಅವರ ಹಬ್ಬ" ಅಂತ ಹೇಳುವುದು ನೋಡಿ ನನಗೆ ನಗು ಬಂತು ಮಾರಾಯ್ರೆ. ನಾವು ಮಂಗಳೂರಿನ ಕಥೋಲಿಕರು. ಕ್ರಿಸ್‌ಮಸ್ ನಮ್ಮದೇ ಹಬ್ಬ. ಆದರೂ ನಾರ್ವೆಗೆ ಬಂದ ಮೊದಲ ವರ್ಷ ನನಗೆ ಕ್ರಿಸ್‌ಮಸ್ ಅಂತ ಅನಿಸಲೇ ಇಲ್ಲ.

ಊರಲ್ಲಿ ಹೇಗೆ? 24ರ ರಾತ್ರಿ ಪೂಜೆ, ಇಗರ್ಜಿಯ ಅಂಗಳದಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ, ಮರುದಿನ ಮನೆಮನೆಗೆ ಕುಸ್ವಾರ್ ತಿಂಡಿಯ ತಟ್ಟೆ. ನೆರೆಯ ಹಿಂದುಗಳ ಮನೆಗೆ, ಬ್ಯಾರಿಗಳ ಮನೆಗೆ ಎಲ್ಲ ಹೋಗ್ಲಿಕ್ಕೆ ಉಂಟು. ಇಲ್ಲಿ 24ಕ್ಕೆ ಸಂಜೆ ಐದಕ್ಕೆ ಗಂಟೆ ಹೊಡೆಯಿತೋ, ಮುಗಿಯಿತು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಎಲ್ಲರೂ ಅವರವರ ಮನೆಯ ಒಳಗೆ. ನನ್ನ ಸಣ್ಣ ಮಗ "ಮಾಮ್, ಎಲ್ಲರೂ ಊರಿಗೆ ಹೋದ್ರಾ?" ಅಂತ ಕೇಳಿದ.

ಎರಡನೇ ವರ್ಷ ಅಮ್ಮ ಕೊಕ್ಕಿಸಾಂ ಮಾಡುವ ಅಚ್ಚು ಕೊಟ್ಟು ಕಳಿಸಿದ್ರು. ಗುಲಾಬಿ ಹೂ ಅಂತ ಹೇಳ್ತಾರಲ್ಲ, ಅದು. ಉದ್ದ ಹಿಡಿಯ ಕಬ್ಬಿಣದ ಅಚ್ಚು, ಕಾದ ಎಣ್ಣೆಯಲ್ಲಿ ಅದ್ದಿ, ಅಕ್ಕಿ ಹಿಟ್ಟು-ತೆಂಗಿನ ಹಾಲಿನ ಹಿಟ್ಟಿಗೆ ಮುಕ್ಕಾಲು ಮುಳುಗಿಸಿ, ಮತ್ತೆ ಎಣ್ಣೆಗೆ. ಪೂರ್ತಿ ಮುಳುಗಿಸಿದರೆ ಹೂ ಬಿಡುವುದೇ ಇಲ್ಲ. ಕಿಟಕಿ ತೆರೆದು ಕರೀತಾ ಇದ್ದೆ, ಎಣ್ಣೆ ವಾಸನೆಗೆ ಮೇಲಿನ ಮನೆಯ ಅಜ್ಜಿ ಕೆಳಗೆ ಬಂದ್ರು. ದೂರು ಹೇಳ್ಲಿಕ್ಕೆ ಅಂತ ನಾನು ಹೆದರಿದೆ. ಅವರು ಒಲೆ ಹತ್ತಿರ ಬಂದು, ಅಚ್ಚನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಏನೂ ಹೇಳದೆ ಮೇಲೆ ಹೋದ್ರು. ಐದು ನಿಮಿಷದಲ್ಲಿ ವಾಪಸ್ ಬಂದ್ರು, ಕೈಯಲ್ಲಿ ಅದೇ ಅಚ್ಚು! ಅದೇ ಹೂವು, ಅದೇ ಉದ್ದ ಹಿಡಿ. ಇಲ್ಲಿ ಅದಕ್ಕೆ ರೊಸೆಟ್‌ಬಾಕೆಲ್ಸ್ ಅಂತ ಹೆಸರು. ಅವರದ್ದು ಗೋಧಿ ಹಿಟ್ಟು, ದನದ ಹಾಲು, ಅಷ್ಟೇ ವ್ಯತ್ಯಾಸ.

ಆ ದಿನ ನಾನು ಅವರಿಗೆ ಕುಸ್ವಾರ್ ಕೊಟ್ಟೆ: ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ. 23ಕ್ಕೆ ತಟ್ಟೆ ವಾಪಸ್ ಬಂತು, ಖಾಲಿ ಅಲ್ಲ. ಇಲ್ಲಿ ಕ್ರಿಸ್‌ಮಸ್ಸಿಗೆ ಏಳು ಬಗೆಯ ಬಿಸ್ಕತ್ತು ಮಾಡಬೇಕು ಅಂತ ಹಳಬರ ಲೆಕ್ಕ, ಏಳೂ ಇತ್ತು ಅದರಲ್ಲಿ.

ಉಪ್ಸಾಲಾ ಅಮ್ಮ · 3 ಡಿಸೆಂಬರ್, ರಾತ್ರಿ 9:10

ಬಾಯಮ್ಮ, ಅಚ್ಚಿನ ಕತೆ ಗಂಡನಿಗೆ ಓದಿ ಹೇಳಿದೆ. ಆಕಾಶಬುಟ್ಟಿ ಹುಡುಕಿದೆ, ಒಂದು ಮೂಲೆ ಹರಿದಿತ್ತು, ಮಗನೇ ಟೇಪ್ ಹಚ್ಚಿದ. ಈಗ ಕಿಟಕಿಯಲ್ಲಿದೆ.

ಮೈದಾನದ ಉಪಾಯಕ್ಕೆ ಥ್ಯಾಂಕ್ಸ್, ಮಗಳು ಏಳಕ್ಕೆ ಮಲಗಿದಳು. ಆದರೆ ಬಟ್ಟೆ! ಓವರಾಲ್ ಒಣಗೋದೇ ಇಲ್ಲ. ಕೈಗವಸು ಎಡಗೈದು ಮೂರು ಇದೆ, ಬಲಗೈದು ಒಂದೂ ಇಲ್ಲ.

ಹನ್ನೆರಡನೇ ಚಳಿಗಾಲ · 3 ಡಿಸೆಂಬರ್, ರಾತ್ರಿ 9:32

ನಿಮ್ಮ ಕಟ್ಟಡದ ಬಟ್ಟೆ ಒಗೆಯೋ ಕೋಣೆಯಲ್ಲಿ ತೊರ್ಕ್‌ಸ್ಕೋಪ್ ಇರತ್ತೆ ನೋಡಿ, ಬೀರುವಿನ ಹಾಗೆ, ಒಳಗೆ ಬಿಸಿಗಾಳಿ. ತೀರ್ಥಹಳ್ಳಿಯವರಿಗೆ ಹೇಳಬೇಕಾ, ಮಳೆಗಾಲದಲ್ಲಿ ಬಚ್ಚಲೊಲೆ ಮೇಲೆ ಕಂಬಳಿ ಹರವಿದ ಹಾಗೆ. ಉಣ್ಣೆಯದನ್ನ ಮಾತ್ರ ಅದಕ್ಕೆ ಹಾಕಬೇಡಿ, ಎರಡು ವರ್ಷದ ಮಗುವಿನದು ಗೊಂಬೆಗೆ ಆಗುವಷ್ಟಾಗತ್ತೆ.

ಎಲ್ಲಾ ಕೈಗವಸುಗಳ ಮೇಲೂ ಹೆಸರು ಬರೆಯಿರಿ. ಶುಕ್ರವಾರ ಶಿಶುವಿಹಾರದ ಬಾಗಿಲ ಹತ್ತಿರದ ಬುಟ್ಟಿ ಬೋರಲು ಹಾಕಿ ಹುಡುಕಿ, ಬಲಗೈಗಳೆಲ್ಲ ಅಲ್ಲಿರತ್ತೆ.

ಮೈಸೂರಿಗೆ ವಾಪಸ್ · 5 ಡಿಸೆಂಬರ್, ಮಧ್ಯಾಹ್ನ 3:20

ನಾವು ಸ್ವೀಡನ್ನಿನ ಯೋತೆಬೊರಿಯಲ್ಲಿ (ಗೋಥೆನ್‌ಬರ್ಗ್) ಆರು ವರ್ಷ ಇದ್ದು 2022ರಲ್ಲಿ ವಾಪಸ್ ಬಂದವರು. ಒಂದೇ ಎಚ್ಚರಿಕೆ: ರಜೆ ದಿನಗಳನ್ನ ಈಗಲೇ ಮುಗಿಸಬೇಡಿ. ಡಿಸೆಂಬರಿಂದ ಮಾರ್ಚ್ ತನಕ ವಾಂತಿ-ಭೇದಿ, ಜ್ವರ ಸರದಿ ಮೇಲೆ ಬರತ್ತೆ. ವಾಂತಿ-ಭೇದಿ ನಿಂತ ಮೇಲೂ 48 ಗಂಟೆ ಮಗುವನ್ನ ಕಳಿಸೋ ಹಾಗಿಲ್ಲ. ಮಗು ಕಾಯಿಲೆ ಬಿದ್ದಾಗಿನ ರಜೆಗೆ ವಾಬ್ ಅಂತಾರಲ್ಲ, ಫೆಬ್ರವರಿಗೆ ಅಲ್ಲಿನವರೇ "ವಾಬ್ರುವಾರಿ" ಅಂತ ಹೆಸರಿಟ್ಟಿದ್ದಾರೆ. ಸಂಬಳದ ಹೆಚ್ಚೂಕಡಿಮೆ 80 ಪರ್ಸೆಂಟ್ ಬರತ್ತೆ, ಒಂದು ಮಿತಿಯೊಳಗೆ.

ಅಂದಹಾಗೆ ಉಪ್ಸಾಲಾದಿಂದ ಯೆವ್ಲೆ ದೂರ ಇಲ್ಲ. ಮಕ್ಕಳಿಗೆ ಅಲ್ಲಿಯ ಹುಲ್ಲಿನ ಮೇಕೆ ತೋರಿಸಿ. 1966ರಿಂದ ಕಟ್ತಿದ್ದಾರೆ, ಹದಿಮೂರು ಮೀಟರ್ ಎತ್ತರ. ಎಷ್ಟೋ ವರ್ಷ ಕಿಡಿಗೇಡಿಗಳು ಬೆಂಕಿ ಇಟ್ಟಿದ್ದಾರೆ. ಹೋದ ವರ್ಷ ಬೆಂಕಿಯಿಂದ ಬಚಾವಾಯ್ತು, ಆದರೆ ಹುಲ್ಲಿನಲ್ಲಿ ಕಾಳು ಉಳಿದಿತ್ತು ಅಂತ ಕಾಗೆ ಜಾತಿಯ ಹಕ್ಕಿಗಳು ಕಿತ್ತು ತಿಂದು ಅಸ್ಥಿಪಂಜರ ಮಾಡಿದ್ವು. ನಮ್ಮ ಹುಡುಗರು ಮೈಸೂರಲ್ಲಿ ಕೂತು ಕ್ಯಾಮರಾದಲ್ಲಿ ದಿನಾ ನೋಡ್ತಿದ್ರು.

ಲುಂಡ್ ಹೊಸಬ · 5 ಡಿಸೆಂಬರ್, ಸಂಜೆ 5:45

ರಜೆ ಮಾತು ಬಂದಿದ್ದಕ್ಕೆ ಕೇಳ್ತೀನಿ. ಮಗುವನ್ನ ನೋಡಿಕೊಳ್ಳೋ ರಜೆಯನ್ನ ಈ ವರ್ಷದಿಂದ ಅಜ್ಜ-ಅಜ್ಜಿಗೂ ಬರೆದುಕೊಡಬಹುದಂತಲ್ಲ? ನಮ್ಮಮ್ಮ ಜನವರಿಗೆ ಬರ್ತಿದ್ದಾರೆ.

ಹನ್ನೆರಡನೇ ಚಳಿಗಾಲ · 5 ಡಿಸೆಂಬರ್, ಸಂಜೆ 6:20

ಜುಲೈ 1ರಿಂದ ಆಗತ್ತೆ, ಒಬ್ಬ ಪಾಲಕರು 45 ದಿನದ ತನಕ ಬೇರೆಯವರಿಗೆ ಕೊಡಬಹುದು. ಆದರೆ ತಗೊಳ್ಳೋರು ಸ್ವೀಡನ್ನಿನ ಸಾಮಾಜಿಕ ವಿಮೆಯೊಳಗೆ ಇರಬೇಕು. ವೀಸಾದಲ್ಲಿ 90 ದಿನಕ್ಕೆ ಬರೋ ನಮ್ಮ ಅಮ್ಮಂದಿರಿಗೆ ಅದು ದಕ್ಕಲ್ಲ. ಪೇಪರಿನಲ್ಲಿ ಓದಿ ನಮ್ಮ ಮನೆಯಲ್ಲೂ ಒಂದು ದಿನ ಸಂಭ್ರಮ ಇತ್ತು.

ಗಜಮುಖನ ವಿಷಯಕ್ಕೆ ಬರ್ತೀನಿ. ನಿಮ್ಮ ಚಿಂತೆ ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ಲೂಸಿಯಾ ತಪ್ಪಿಸೋದಲ್ಲ. ಮಗಳು ಒಂದನೇ ತರಗತಿಗೆ ಬಂದಾಗ ಕನ್ನಡಕ್ಕೆ ಮಾತೃಭಾಷಾ ಪಾಠ ಕೇಳಿ. ಅದು ಶಾಲೆಯ ಕಾನೂನಿನಲ್ಲೇ ಇರುವ ಹಕ್ಕು. ಕಮ್ಯೂನಿನಲ್ಲಿ, ಅಂದ್ರೆ ಇಲ್ಲಿನ ಪುರಸಭೆ ವ್ಯಾಪ್ತಿಯಲ್ಲಿ, ಐದು ಮಕ್ಕಳು ಅರ್ಜಿ ಹಾಕಿರಬೇಕು, ಕಲಿಸೋರು ಸಿಗಬೇಕು, ಮನೆಯಲ್ಲಿ ಆ ಭಾಷೆ ದಿನಾ ಆಡ್ತಿರಬೇಕು. ನಮ್ಮಲ್ಲಿ ನಾಲ್ಕೇ ಮಕ್ಕಳಾಗಿ ಎರಡು ವರ್ಷ ಕೂತಿತ್ತು. ಐದನೆಯವರು ಧಾರವಾಡದಿಂದ ಬಂದಿಳಿದ ವಾರವೇ ಅವರ ಮನೆಗೆ ಫಾರಂ ಹಿಡಕೊಂಡು ಹೋಗಿದ್ದೆ. ಸೂಟ್‌ಕೇಸ್ ಬಿಚ್ಚಿರಲಿಲ್ಲ ಪಾಪ.

ಆರ್ಹುಸ್ ಕಾಕಾ · 6 ಡಿಸೆಂಬರ್, ರಾತ್ರಿ 8:00

ಕೈಗೆ ಕೆಲಸ ಕೊಡ್ರಿ ಹುಡುಗ್ರಿಗೆ, ಕತ್ತಲಿ ತಾನ ಹೋಗತೈತಿ. ಇಲ್ಲಿ ಕೆಂಪು-ಬಿಳಿ ಕಾಗದದ ಪಟ್ಟಿ ಒಂದರಾಗೊಂದು ತೂರಿಸಿ ಹೃದಯದ ಆಕಾರದ ಬುಟ್ಟಿ ಹೆಣೀತಾರ, ಚಾಪಿ ಹೆಣದಂಗ. ತಿಳಿದ ಮಟ್ಟಿಗೆ ಎಲ್ಲಾಕಿಂತ ಹಳೀದು ಕತಿ ಬರಿಯೋ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಹೆಣದದ್ದಂತ, 1860ರದು. ನಾ ಇಂಜಿನಿಯರ್ ಇದ್ದೂ ಮೊದಲನೇದು ಮುಗಸಾಕ ಒಂದು ತಾಸು ಹಿಡೀತು. ಮಗಳು ಮೂರು ಮಾಡಿ ಒಳಗ ಒಣದ್ರಾಕ್ಷಿ ತುಂಬಿದ್ಲು.

ಮತ್ತ ಒಂದರಿಂದ 24ರ ತನಕ ಅಂಕಿ ಬರದ ಮೇಣದಬತ್ತಿ ಸಿಗತೈತಿ. ದಿನಾ ಊಟದಾಗ ಒಂದಂಕಿ ಉರಸೂದು. ನಾವು ಒಮ್ಮೆ ಮರತು ಮಾತಾಡಕೋತ ಕುಂತು 9ರಿಂದ 13ರ ತನಕ ಸುಟ್ಟಬಿಟ್ವಿ. ಮಗಳು ಅತ್ತಿದ್ದು ಕೇಳಬ್ಯಾಡ್ರಿ.

ಉಪ್ಸಾಲಾ ಅಮ್ಮ · 8 ಡಿಸೆಂಬರ್, ಸಂಜೆ 7:15

ಮಗ ವೇಷ ತೀರ್ಮಾನ ಮಾಡಿದ: ನಕ್ಷತ್ರದ ಹುಡುಗ. ಬಿಳಿ ಅಂಗಿ, ಚೂಪು ಟೋಪಿ, ಕೋಲಿನ ತುದಿಗೆ ನಕ್ಷತ್ರ. ಟೋಪಿ ನಾನೇ ಕಾಗದದಲ್ಲಿ ಸುತ್ತಿದೆ. ಅಂಗಿಗೆ ಗಂಡನ ಬಿಳಿ ಜುಬ್ಬ ಕತ್ತರಿಸಿದೆ. ಅವರಿಗೆ ಇನ್ನೂ ಹೇಳಿಲ್ಲ.

ಇವತ್ತು ಅಕ್ಕಿ ಗಂಜಿ ಮಾಡಿದ್ದೆ, ಇಲ್ಲಿನವರು ತೊಮ್ತೆಗೆ ಇಡೋದು. ಹಾಲಲ್ಲಿ ಅಕ್ಕಿ ಬೇಯಿಸಿ, ಚಿಟಿಕೆ ಉಪ್ಪು, ಮೇಲೆ ಚಕ್ಕೆ ಪುಡಿ. ಮಗ ಒಂದು ಚಮಚ ತಿಂದು, "ಇದು ಪಾಯಸ, ಬೆಲ್ಲ ಹಾಕೋಕೆ ಮರೆತಿದ್ದೀಯ" ಅಂದ. ಹಾಕಿದೆ. ಏಲಕ್ಕಿನೂ ಹಾಕಿದೆ.

ಸಸ್ಯಾಹಾರಿಗಳಿಗೆ ಒಂದು ಮಾತು: ತೊಮ್ತೆ ಆಕಾರದ ಗುಲಾಬಿ-ಬಿಳಿ ಮೆತ್ತನೆ ಮಿಠಾಯಿ ಎಲ್ಲಾ ಕಡೆ ಕೊಡ್ತಾರೆ, ಅದರಲ್ಲಿ ಜೆಲಟಿನ್ ಇದೆ. ಮಗ ನಾಲ್ಕು ತಿಂದ ಮೇಲೆ ಪಾಕೀಟು ಓದಿದೆ. ಏನು ಮಾಡೋದು, ಸುಮ್ಮನಾದೆ.

ಸ್ಟಾವಂಗರ್ ಬಾಯಮ್ಮ · 8 ಡಿಸೆಂಬರ್, ರಾತ್ರಿ 8:40

ಟೋಪಿಗೆ ಒಳಗಿಂದ ರಬ್ಬರ್ ಬ್ಯಾಂಡ್ ಹಾಕಿ, ಗಲ್ಲದ ಕೆಳಗೆ. ಇಲ್ಲದಿದ್ದರೆ ಹಾಡಿನ ಮಧ್ಯ ಬೀಳ್ತದೆ. ನನಗೆ ಅನುಭವ ಉಂಟು.

ಉಪ್ಸಾಲಾ ಅಮ್ಮ · 13 ಡಿಸೆಂಬರ್, ಮಧ್ಯಾಹ್ನ 1:30

ಬಾಯಮ್ಮ, ರಬ್ಬರ್ ಬ್ಯಾಂಡ್ ಹಾಕೋದು ಮರೆತೆ. ಎರಡನೇ ಹಾಡಿಗೇ ಬಿತ್ತು. ಮುಂದಿದ್ದ ಹುಡುಗಿ ಬಗ್ಗಿ ಎತ್ತಿ ಅವನ ತಲೆಗೆ ಹಿಂದುಮುಂದಾಗಿ ಇಟ್ಟಳು, ಇಬ್ಬರೂ ಹಾಡು ನಿಲ್ಲಿಸಲಿಲ್ಲ.

ಬೆಳಿಗ್ಗೆ ಏಳೂವರೆಗೆ ಶಾಲೆಯ ಅಂಗಳದಲ್ಲಿ ನಿಂತಿದ್ವಿ. ಸುತ್ತ ಕಗ್ಗತ್ತಲೆ, ಕಾಲ ಕೆಳಗೆ ಮಂಜುಗಡ್ಡೆ. ಬಾಗಿಲು ತೆರೆದು ಒಬ್ಬೊಬ್ಬರಾಗಿ ಕೈಯಲ್ಲಿ ಬ್ಯಾಟರಿ ದೀಪ ಹಿಡಿದು ಬಂದರು. ಮೊದಲು ಬೆಳಕು ಕಾಣಿಸ್ತು, ಆಮೇಲೆ ಮುಖ. ನನಗೆ ನೆನಪಾಗಿದ್ದು ಧನುರ್ಮಾಸದಲ್ಲಿ ಅಜ್ಜ ನಮ್ಮನ್ನ ನಿದ್ದೆಗಣ್ಣಲ್ಲೇ ದೇವಸ್ಥಾನಕ್ಕೆ ಎಳಕೊಂಡು ಹೋಗ್ತಿದ್ದದ್ದು. ಆ ಚಳಿ, ಆ ದೀಪ, ಹುಗ್ಗಿಗೋಸ್ಕರ ಕಾಯೋದು. ಇಲ್ಲಿ ಹುಗ್ಗಿ ಬದಲು ಕೇಸರಿ ಬನ್ನು, ಎರಡು ಒಣದ್ರಾಕ್ಷಿ ಒತ್ತಿದ್ದು.

ಅತ್ತೆಗೆ ವಿಡಿಯೋ ಕಾಲ್ ಮಾಡಬೇಕು ಅಂತಿದ್ದೆ, ಅಲ್ಲಿ ಆಗ ಮಧ್ಯಾಹ್ನ ಹನ್ನೆರಡು. ಆದರೆ ಬೇರೆ ಮಕ್ಕಳೂ ಇರ್ತಾರೆ, ಫೋನು ತೆಗೆಯಬೇಡಿ ಅಂತ ಮೊದಲೇ ಹೇಳಿದ್ರು. ಮನೆಗೆ ಬಂದ ಮೇಲೆ ಮಗ ಅಡುಗೆಮನೆ ಲೈಟ್ ಆರಿಸಿ, ಆಕಾಶಬುಟ್ಟಿ ಕೆಳಗೆ ನಿಂತು ಅಜ್ಜಿಗೆ ಪೂರ್ತಿ ಹಾಡಿದ. ಅತ್ತೆ ಏನೂ ಹೇಳಲಿಲ್ಲ. ಕೊನೆಗೆ, "ಆ ಟೋಪಿ ನೆಟ್ಟಗೆ ಹಾಕೇ ಮಗೂಗೆ" ಅಂದ್ರು. ಮಾವ ಮಾತ್ರ ಜುಬ್ಬ ಗುರುತು ಹಿಡಿದರು.

ಹನ್ನೆರಡನೇ ಚಳಿಗಾಲ · 13 ಡಿಸೆಂಬರ್, ಮಧ್ಯಾಹ್ನ 2:50

ಸೋಮವಾರದಿಂದ ಧನುರ್ಮಾಸ ಶುರು. ಇಲ್ಲಿ ಒಂದು ಅನುಕೂಲ: ಸೂರ್ಯೋದಯ ಎಂಟು ಮುಕ್ಕಾಲರ ಹತ್ತಿರ. ಎಂಟಕ್ಕೆ ಎದ್ದು ಪೂಜೆ ಮಾಡಿದರೂ ಬ್ರಾಹ್ಮೀ ಮುಹೂರ್ತದ ಲೆಕ್ಕಕ್ಕೆ ಸ್ವಲ್ಪವೇ ತಡ.

ಲುಂಡ್ ಹೊಸಬ · 13 ಡಿಸೆಂಬರ್, ಸಂಜೆ 4:35

ಕೇಸರಿ ಎಲ್ಲಿ ಸಿಗತ್ತೆ? ಮಸಾಲೆ ಸಾಲು ಪೂರ್ತಿ ಹುಡುಕಿದೆ, ಇಲ್ಲ. ಮಗಳು ಬನ್ನು ಇವತ್ತೇ ಆಗಬೇಕು ಅಂತ ಅಂಗಡಿಯಲ್ಲೇ ಕೂತಿದ್ದಾಳೆ.

ಹನ್ನೆರಡನೇ ಚಳಿಗಾಲ · 13 ಡಿಸೆಂಬರ್, ಸಂಜೆ 4:37

ದುಡ್ಡು ಕಟ್ಟೋ ಕೌಂಟರಿನಲ್ಲಿ ಕೇಳಿ, ಕಳ್ಳತನ ಆಗತ್ತೆ ಅಂತ ಅಲ್ಲಿಟ್ಟಿರ್ತಾರೆ. ಅರ್ಧ ಗ್ರಾಮಿನ ಪೊಟ್ಟಣ. ಮೊಟ್ಟೆ ಬೇಡ ಅಂದ್ರೆ ಮೇಲೆ ಹಾಲು ಸವರಿ. ಮತ್ತೆ ಒಣದ್ರಾಕ್ಷಿ ಮರೀಬೇಡಿ.